ಇಕ್ಕಳ ಮತ್ತು ಮೂರನೆಯ ನಿಮಿಷ

ಅವನನ್ನು ನಾನು ಮೊದಲು ನೋಡಿದ್ದು ಮೆಟ್ಟಿಲ ಮೇಲೆ, ಒಂದು ಕಬ್ಬಿಣದ ಬೀರುವಿನ ಅಡಿಯಲ್ಲಿ. ನೋಡಿದ್ದು ಅಂದರೆ ಪೂರ್ತಿ ಅವನನ್ನಲ್ಲ. ಬೀರುವಿನ ತಳಕ್ಕೆ ಕೊಟ್ಟ ಎರಡು ಅಂಗೈ, ಬೆವರಿಗೆ ಬೆನ್ನಿಗಂಟಿದ ಬನಿಯನ್ನು, ಮತ್ತೆ ಒಂದು ಕಿವಿ. ಆ ಕಿವಿ, ಹಿಟ್ಟಿನ ಉಂಡೆಯನ್ನು ಯಾರೋ ಹಿಚುಕಿ ತಲೆಯ ಪಕ್ಕಕ್ಕೆ ಒತ್ತಿದ ಹಾಗಿತ್ತು.

ಅದು ನನ್ನ ಕೆಲಸದ ಮೊದಲ ದಿನ. ಒಂಬತ್ತೂವರೆಗೆ ಬರಬೇಕೆಂದು ಹೇಳಿದ್ದರು. ನಾನು ಎರಡು ಬಸ್ಸು ಬದಲಿಸಿ ಒಂಬತ್ತು ಹತ್ತಕ್ಕೇ ಬಂದಿದ್ದೆ. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ಹಾಗಾಗಿ ಸರ್ಟಿಫಿಕೇಟುಗಳು ಮಡಚಿಹೋಗಬಾರದೆಂದು ಎದೆಗೆ ಒತ್ತಿಕೊಂಡೇ ನಿಂತಿದ್ದೆ. ಮೂರು ಮಹಡಿ, ಲಿಫ್ಟ್ ಇಲ್ಲ, ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಮೆಟ್ಟಿಲು. ಎರಡನೆಯ ಮಹಡಿಯ ತಿರುವಿನಲ್ಲಿ ಬೀರು ಸಿಕ್ಕಿಹಾಕಿಕೊಂಡಿತು. ಮೇಲಿನ ತುದಿಯನ್ನು ಹಿಡಿದಿದ್ದವನು ಬಹಳ ಎತ್ತರದ ಆಳು. ಅವನು ಸೊಂಟ ಬಗ್ಗಿಸಿಕೊಂಡು ಕೆಳಗಿನವನಿಗೆ ಹೇಳುತ್ತಿದ್ದ.

“ಸ್ವಲ್ಪ ಎಡಕ್ಕೆ.”

“ನಿನ್ನ ಎಡವೋ ನನ್ನ ಎಡವೋ?”

“ಬೀರುವಿನ ಎಡ.”

“ಬೀರುಗೆ ಎಡ ಬಲ ಯಾರು ಹೇಳ್ಕೊಟ್ರೋ, ಉದ್ದಣ್ಣ?”

ಹೀಗೆ ಹತ್ತು ನಿಮಿಷ. ಕೊನೆಗೆ ಆ ಉದ್ದಣ್ಣ ಬೀರುವನ್ನು ತನ್ನ ಕಡೆ ಎಳೆದುಕೊಂಡು, ತಿರುವಿನ ಕಟ್ಟೆಯ ಮೇಲೆ ಕೂರಿಸಿ, “ಬಿಡು” ಎಂದ. ಕೆಳಗಿನವನ ಎರಡೂ ಕೈ ಅದೇ ಕ್ಷಣ ತೆರೆದುಕೊಂಡವು. ಸರಿಯಾಗಿ ಕೂತಿದೆಯಾ ಎಂದು ಅವನು ಕೇಳಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಬೀರು ಜಾರಿದ್ದರೆ ಮೊದಲು ಅವನ ಎದೆಯ ಮೇಲೆ, ಆಮೇಲೆ ನನ್ನ ಸರ್ಟಿಫಿಕೇಟುಗಳ ಮೇಲೆ ಬೀಳುತ್ತಿತ್ತು. ಬೀಳಲಿಲ್ಲ. ಅವನು ತಿರುಗಿ, ನನ್ನ ಜೇಬಿನಲ್ಲಿದ್ದ ಎರಡು ಪೆನ್ನುಗಳನ್ನು ನೋಡಿ, “ಪಾಪ, ಮೇಷ್ಟ್ರು ಆಗಿಂದ ಕಾಯ್ತಾ ಇದಾರೆ. ದಾರಿ ಬಿಡೋ” ಎಂದ. ನಾನು ಮೇಷ್ಟ್ರಲ್ಲ ಎಂದು ಹೇಳುವಷ್ಟರಲ್ಲಿ ಅವರು ಮುಂದಿನ ಮೆಟ್ಟಿಲಲ್ಲಿದ್ದರು. ಆ ಬೀರು ಹೋಗಿದ್ದು ನಾನು ಹೋಗಬೇಕಾಗಿದ್ದ ಕಡೆಗೇ. ನನ್ನ ಕಾಗದಪತ್ರಗಳನ್ನು ಇಡಲೆಂದೇ ತರಿಸಿದ್ದರಂತೆ.

ಮೂರನೆಯ ಮಹಡಿಯಲ್ಲಿದ್ದದ್ದು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಕಲಿಸುವ ಕೇಂದ್ರ. ಗುದ್ದಬಹುದು, ಒದೆಯಬಹುದು, ಕೆಡವಬಹುದು, ಕೆಡವಿದ ಮೇಲೆ ಕತ್ತು ಕೈ ತಿರುಚಿ ಸೋಲೊಪ್ಪಿಸಬಹುದು. ಒಂದು ಸುತ್ತಿಗೆ ಐದು ನಿಮಿಷ, ಒಂದು ಪಂದ್ಯಕ್ಕೆ ಮೂರು ಸುತ್ತು. ಆಡುವುದು ತಂತಿಬಲೆಯ ಪಂಜರದೊಳಗೆ. ನನ್ನ ಕೆಲಸ ಪಂಜರದ ಹೊರಗಿನದು. ಅರ್ಜಿ ತುಂಬುವುದು, ವೈದ್ಯರ ಪತ್ರ ಪಡೆಯುವುದು, ತೂಕ ಬರೆದಿಡುವುದು, ಪಂದ್ಯಗಳ ವಿಡಿಯೊ ತೆಗೆಯುವುದು. ಸಂಜೆ ಆರಕ್ಕೆ, ಬೆಳಿಗ್ಗೆ ಬೀರುವಿನ ಅಡಿಯಲ್ಲಿದ್ದವನೇ ಹೆಗಲಿಗೆ ಚೀಲ ಹಾಕಿಕೊಂಡು ಒಳಗೆ ಬಂದ. ಹಗಲೆಲ್ಲ ಮನೆ ಸಾಮಾನು ಸಾಗಿಸಿ, ಸಂಜೆ ಇಲ್ಲಿ ಅಭ್ಯಾಸ ಮಾಡುವವನು. ಅಲ್ಲಿ ಎಲ್ಲರೂ ಅವನನ್ನು ಇಕ್ಕಳ ಎಂದೇ ಕರೆಯುತ್ತಿದ್ದರು.

ಏಕೆಂದು ತಿಳಿಯಲು ಒಂದು ಪಂದ್ಯ ನೋಡಿದರೆ ಸಾಕಿತ್ತು. ಗಂಟೆ ಹೊಡೆದ ಕೂಡಲೇ ಅವನು ತಲೆ ತಗ್ಗಿಸಿ ಮುಂದೆ ನಡೆಯುತ್ತಿದ್ದ, ಎದುರಾಳಿಯ ಒಂದು ಕಾಲನ್ನು ಹಿಡಿಯುತ್ತಿದ್ದ. ಹಿಡಿದರೆ ಮುಗಿಯಿತು. ಬೀರುವಿನ ಮೂಲೆ ಎತ್ತಿದಂತೆ ಎತ್ತಿ, ಪಕ್ಕಕ್ಕೆ ಓಲಿಸಿ, ಮಲಗಿಸಿ, ಬೆನ್ನಿನ ಮೇಲೆ ಹತ್ತಿ, ಮೊಣಕೈಯನ್ನು ಕತ್ತಿಗೆ ಸುತ್ತುತ್ತಿದ್ದ. ಎದುರಾಳಿ ಸೋಲೊಪ್ಪಿ ನೆಲ ತಟ್ಟುತ್ತಿದ್ದ. ಏಳು ಪಂದ್ಯಗಳಲ್ಲಿ ಏಳನ್ನೂ ಅವನು ಗೆದ್ದಿದ್ದು ಹೀಗೇ. ತೀರಾ ತಡವಾದದ್ದೆಂದರೆ ಎರಡು ನಿಮಿಷ ಐವತ್ತು ಸೆಕೆಂಡು. ಎದುರಾಳಿಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದುದೇ ಅವರಿಗೆ ತೊಂದರೆ. ಗುದ್ದಲು ಕೈ ಎತ್ತುವಾಗಲೂ ಅವರ ಮನಸ್ಸು ಕಾಲಿನ ಹತ್ತಿರವೇ ಇರುತ್ತಿತ್ತು. ಅವರು ವಾರಕ್ಕೊಮ್ಮೆ ಅಭ್ಯಾಸ ಮಾಡಿದ್ದನ್ನು ಇವನು ದಿನಕ್ಕೆ ನಾನೂರು ಸಲ ಮಾಡುತ್ತಿದ್ದ. ಅದರ ಮೇಲೆ ಹಗಲೆಲ್ಲ ಬೀರು, ಮಂಚ, ಬಟ್ಟೆ ಒಗೆಯುವ ಯಂತ್ರ.

“ಬೇರೆ ಏನೂ ಕಲಿಯೋದಿಲ್ವಾ ಅಣ್ಣ?” ಎಂದು ಒಮ್ಮೆ ಕೇಳಿದೆ.

“ಇದೇ ಇನ್ನೂ ಪೂರ್ತಿ ಬಂದಿಲ್ಲ ಮೇಷ್ಟ್ರೇ” ಎಂದ. ತಮಾಷೆಗಲ್ಲ.

ಅವನು ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದ. ಅಕ್ಕ ಬಟ್ಟೆ ಹೊಲಿಯುವವಳು. ಅವನ ಆಟದ ಚಡ್ಡಿಗಳನ್ನು ಅವಳೇ ಹೊಲಿಯುತ್ತಿದ್ದಳು. ಕಾಲು ಹಿಡಿಯಲು ಕೂರುವಾಗ ಹರಿಯುತ್ತದೆಂದು ಒಂದೇ ಜಾಗಕ್ಕೆ ಎರಡು ಹೊಲಿಗೆ. “ಇವನು ಮಗುವಾಗಿದ್ದಾಗ ನನ್ನ ಜಡೆ ಹಿಡಿದ್ರೆ ಅಮ್ಮ ಬಂದು ಒಂದೊಂದೇ ಬೆರಳು ಬಿಡಿಸಬೇಕಾಗ್ತಿತ್ತು” ಎಂದು ನನಗೆ ಹೇಳಿದ್ದಳು. “ಈಗ ಅದಕ್ಕೆ ಚಪ್ಪಾಳೆ ತಟ್ತಾರೆ. ನನಗೆ ಯಾರೂ ತಟ್ಟಲಿಲ್ಲ.” ಮೈಕಿನಲ್ಲಿ ತಮ್ಮನ ಪೂರ್ತಿ ಹೆಸರು ಕೂಗುವುದನ್ನು ಕೇಳಲೆಂದೇ ಅವಳು ಎಲ್ಲ ಪಂದ್ಯಕ್ಕೂ ಬರುತ್ತಿದ್ದಳು. ಸಾಮಾನು ಹೊರುವ ಮನೆಗಳಲ್ಲಿ ಅವನನ್ನು “ಏ, ಈ ಕಡೆ” ಎಂದಷ್ಟೇ ಕರೆಯುತ್ತಾರೆಂಬುದು ಅವಳಿಗೆ ಗೊತ್ತಿತ್ತು.

ಎಂಟನೆಯ ಪಂದ್ಯದಲ್ಲಿ ಅವನು ಸೋತ. ಎದುರಾಳಿ ಕುಳ್ಳಗಿನ, ಗಟ್ಟಿಮುಟ್ಟಾದ ಮನುಷ್ಯ. ಇವನು ಕಾಲಿಗೆ ಬಂದಾಗಲೆಲ್ಲ ಎರಡೂ ಕಾಲನ್ನು ಹಿಂದಕ್ಕೆಸೆದು ಮೈಭಾರವನ್ನೆಲ್ಲ ಇವನ ಕುತ್ತಿಗೆಯ ಮೇಲೆ ಹಾಕುತ್ತಿದ್ದ. ಮೂರು ಸುತ್ತು ಅದೇ ನಡೆಯಿತು. ಕೊನೆಯಲ್ಲಿ ಇಕ್ಕಳನ ಮುಂಗೈಗಳು ಊದಿ, ಬೆರಳು ಮಡಚಲು ಬರದೆ, ನೀರಿನ ಬಾಟಲಿಯ ಮುಚ್ಚಳವನ್ನು ನಾನೇ ತೆಗೆದುಕೊಟ್ಟೆ. ಒಂಬತ್ತನೆಯದರಲ್ಲಿ ಎದುರಾಳಿ ಉದ್ದಗಾಲಿನವನು. ಹತ್ತಿರವೇ ಬರದೆ ದೂರದಿಂದ ಇವನ ಮೀನಖಂಡಕ್ಕೆ ಒದ್ದು ಒದ್ದು ಕುಂಟಿಸಿದ. ಇವನು ಎರಡು ಕೈಯನ್ನೂ ಮುಂದೆ ಚಾಚಿಕೊಂಡು, ಕತ್ತಲೆಯಲ್ಲಿ ಬಾಗಿಲು ಹುಡುಕುವವನಂತೆ ಅವನ ಹಿಂದೆ ಹಿಂದೆ ನಡೆದ. ಆಗೊಮ್ಮೆ ಈಗೊಮ್ಮೆ ಕಾಲು ಕೈಗೆ ಸಿಕ್ಕರೂ ಜಾರಿಹೋಗುತ್ತಿತ್ತು. ನೋಡುತ್ತಿದ್ದ ನನಗೆ ಅಯ್ಯೋ ಅನ್ನಿಸುವುದಕ್ಕಿಂತ ಸಿಟ್ಟೇ ಹೆಚ್ಚು ಬಂತು. ಒಂದೇ ಒಂದು ಗುದ್ದು ಗೊತ್ತಿದ್ದರೆ ಆ ಉದ್ದಗಾಲಿನವನು ನಿಂತು ಯೋಚಿಸುತ್ತಿದ್ದ, ಯೋಚಿಸುವಾಗ ಕಾಲು ಗಟ್ಟಿಯಾಗಿ ಸಿಗುತ್ತಿತ್ತು.

ಪಂದ್ಯ ನಡೆಸುವ ಸಂಘಕ್ಕೆ ಒಂದು ನಿಯಮವಿದೆ. ಒಂದರ ಹಿಂದೊಂದು ಮೂರು ಸೋತರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಮೂವತ್ತು ದಾಟಿದವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅವನಿಗೆ ಆಗ ಮೂವತ್ತೆರಡು. ಸಂಘದ ಪತ್ರ ನನ್ನ ಮೇಜಿಗೇ ಬಂದಿತ್ತು, ಅವನಿಗೆ ಓದಿ ಹೇಳಿದವನು ನಾನೇ. “ಅಂದ್ರೆ ಇನ್ನೊಂದು” ಎಂದ. ಅಷ್ಟೇ.

ಆ ವಾರವೆಲ್ಲ ನಾನು ಒಂಬತ್ತೂ ಪಂದ್ಯಗಳ ವಿಡಿಯೊ ನೋಡಿದೆ. ಪರೀಕ್ಷೆಗೆ ಓದುತ್ತಿದ್ದ ಹಾಗೆ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಾವ ನಿಮಿಷದಲ್ಲಿ ಕಾಲು ಹಿಡಿದ, ಎಷ್ಟು ಸೆಕೆಂಡು ಹಿಡಿದಿದ್ದ, ಕೆಡವಿದನೋ ಇಲ್ಲವೋ. ಮೊದಲ ಮೂರು ನಿಮಿಷದೊಳಗೆ ಹತ್ತು ಸಲ ಹಿಡಿದು ಏಳು ಸಲ ಕೆಡವಿದ್ದ. ಮೂರು ನಿಮಿಷ ದಾಟಿದ ಮೇಲೆ ಇಪ್ಪತ್ತೊಂಬತ್ತು ಸಲ ಹಿಡಿದಿದ್ದ. ಒಂದು ಸಲವೂ ಕೆಡವಿರಲಿಲ್ಲ. ನೋಟ್‌ಬುಕ್ ಹಿಡಿದುಕೊಂಡು ಕೋಚ್ ಬಳಿ ಓಡಿದೆ. ಕೋಚ್ ಹಳೆಯ ಬಾಕ್ಸರ್. ಮೊಣಕಾಲು ಎರಡೂ ಹೋಗಿದ್ದವು, ಬಾಯಿ ಮಾತ್ರ ಗಟ್ಟಿಯಾಗಿತ್ತು.

“ನಾನು ಆರು ವರ್ಷದಿಂದ ಬಾಯಲ್ಲಿ ಹೇಳ್ತಿರೋದನ್ನೇ ನೀನು ಪೆನ್ನಲ್ಲಿ ಬರೆದಿದೀಯ” ಎಂದರು. “ಇರಲಿ. ಬರೆದಿದ್ರೆ ಅವನು ನಂಬ್ತಾನೆ.”

ಅವನು ನಂಬಿದ. ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದು ಸಾಲನ್ನೂ ಓದಿಸಿಕೊಂಡು, “ಇಪ್ಪತ್ತೊಂಬತ್ತಕ್ಕೂ ಒಂದೂ ಇಲ್ವಾ?” ಎಂದು ಎರಡು ಸಲ ಕೇಳಿದ. ಇಲ್ಲ ಎಂದೆ. ಯೋಜನೆ ಹೀಗೆ ನಿಂತಿತು. ಐದು ತಿಂಗಳು ಗುದ್ದು ಕಲಿಯುವುದು. ಪಂದ್ಯದಲ್ಲಿ ಮೂರು ನಿಮಿಷ ದಾಟಿದ ಮೇಲೆ ಕಾಲು ಹಿಡಿದರೆ ಹತ್ತು ಸೆಕೆಂಡು ನೋಡುವುದು. ಎದುರಾಳಿ ಬೀಳದಿದ್ದರೆ ಬಿಟ್ಟು, ಎದ್ದು, ಗುದ್ದುವುದು.

ಆ ಐದು ತಿಂಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಅವನು ಗುದ್ದುತ್ತಿದ್ದುದು ಬೀರು ತಳ್ಳುವ ಹಾಗೆ, ಇಡೀ ಮೈಯಿಂದ, ನಿಧಾನವಾಗಿ. “ಇವನ ಗುದ್ದು ಅಂಚೇಲಿ ಬರುತ್ತೆ” ಎನ್ನುತ್ತಿದ್ದರು ಕೋಚ್. “ಮೊದಲು ಕಾಗದ, ಆಮೇಲೆ ಗುದ್ದು.” ಎಡಗೈ ಮುಂದಿಟ್ಟರೆ ಗಲ್ಲ ತೆರೆದುಕೊಳ್ಳುತ್ತಿತ್ತು. ಗಲ್ಲ ಮುಚ್ಚಿದರೆ ಕಾಲು ನೆಲಕ್ಕಂಟುತ್ತಿತ್ತು. ಮೂರನೆಯ ತಿಂಗಳಿಗೆ ಒಂದು ಎಡಗೈ ಗುದ್ದು ಸುಮಾರಾಗಿ ಬಂತು. ಆದರೆ ಅದಕ್ಕಿಂತ ದೊಡ್ಡ ತಲೆನೋವೆಂದರೆ ಅವನು ಹಿಡಿದ ಕಾಲನ್ನು ಬಿಡುತ್ತಲೇ ಇರಲಿಲ್ಲ. ಕೋಚ್ “ಸಾಕು, ಏಳು, ಏಳು” ಎಂದು ಗಂಟಲು ಹರಿದುಕೊಂಡರೂ ಮುಖವನ್ನು ಎದುರಾಳಿಯ ತೊಡೆಗೊತ್ತಿ ಅಂಟಿಕೊಂಡಿರುತ್ತಿದ್ದ. ಕಿವಿಗೆ ಬೀಳುತ್ತಿರಲಿಲ್ಲವೆಂದಲ್ಲ, ಕೈಗೆ ತಲುಪುತ್ತಿರಲಿಲ್ಲ.

ಆಗ ನನಗೆ ಆ ಮೊದಲ ದಿನದ ಮೆಟ್ಟಿಲು ನೆನಪಾಯಿತು. ಟೀ ಕುಡಿಯುವಾಗ ಉದ್ದಣ್ಣನನ್ನು ಕೇಳಿದೆ. ಅವನು ವಿವರಿಸಿದ. ಮೆಟ್ಟಿಲು ಹತ್ತುವಾಗ ಕೆಳಗಿನವನ ಮುಖ ಸಾಮಾನಿಗೆ ಒತ್ತಿಕೊಂಡಿರುತ್ತದೆ, ಅವನಿಗೆ ಏನೂ ಕಾಣುವುದಿಲ್ಲ. ಕಾಣುವುದು ಮೇಲಿನವನಿಗೆ. ಕೆಳಗಿನವನು ತಾನಾಗಿ ಎಂದೂ ಕೈ ಬಿಡಬಾರದು. ಮೇಲಿನವನು “ಬಿಡು” ಎಂದ ಮೇಲೆ ಒಂದು ಕ್ಷಣವೂ ಹಿಡಿದಿರಬಾರದು, ಹಿಡಿದಿದ್ದರೆ ಬೆರಳು ಅಡಿಗೆ ಸಿಗುತ್ತದೆ. “ಹದಿನಾಲ್ಕು ವರ್ಷದಿಂದ ಇವನ ಹತ್ತು ಬೆರಳೂ ಇರೋದು ನನ್ನ ಬಾಯಿಂದ” ಎಂದು ಉದ್ದಣ್ಣ ಹೆಮ್ಮೆಯಿಂದ ಹೇಳಿದ. ಇನ್ನೂ ಏನೋ ಹೇಳುವುದರಲ್ಲಿದ್ದ. ನಾನು ಕೇಳಿಸಿಕೊಳ್ಳಲು ನಿಲ್ಲದೆ ಕೇಂದ್ರಕ್ಕೆ ಓಡಿದೆ.

ಆ ಸಂಜೆ ಇಕ್ಕಳ ಕಾಲು ಹಿಡಿದು ಅಂಟಿಕೊಂಡಾಗ ನಾನು ಪಂಜರದ ಹೊರಗೆ ಕುರ್ಚಿಯ ಮೇಲೆ ನಿಂತು, ಗಡಿಯಾರ ನೋಡಿ, ಹತ್ತನೆಯ ಸೆಕೆಂಡಿಗೆ “ಬಿಡು” ಎಂದೆ. ಕೈಗಳು ತೆರೆದುಕೊಂಡವು. ಅವನಿಗೇ ಆಶ್ಚರ್ಯ. ತನ್ನ ಅಂಗೈಗಳನ್ನು ತಾನೇ ತಿರುಗಿಸಿ ನೋಡಿಕೊಂಡ. ಕೋಚ್ ನನ್ನ ಬೆನ್ನು ತಟ್ಟಿ, “ಓದಿದ್ದು ದಂಡ ಆಗಲಿಲ್ಲ ಕಣೋ” ಎಂದರು. ಅಂದಿನಿಂದ ಪಂದ್ಯದ ದಿನ ಆ ಮಾತು ಹೇಳುವ ಕೆಲಸ ನನ್ನದಾಯಿತು.

ಹತ್ತನೆಯ ಪಂದ್ಯ ಒಂದು ಭಾನುವಾರ ಮಧ್ಯಾಹ್ನ, ಒಂದು ಹಳೆಯ ಗೋದಾಮಿನಲ್ಲಿ. ಎದುರಾಳಿ ಅಗ್ನಿಶಾಮಕ ದಳದವನು. ಅವನಿಗೆ ಗುದ್ದು, ಒದೆ, ಕೆಡವುವುದು, ಎಲ್ಲವೂ ಬರುತ್ತಿತ್ತು, ಯಾವುದೂ ಹೆದರಿಕೆ ಹುಟ್ಟಿಸುವಷ್ಟಲ್ಲ. ಅಕ್ಕ ಮೂರನೆಯ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಉದ್ದಣ್ಣ, ಹಿಂದಿನವರಿಗೆ ಕಾಣದೆಂದು ಬೈಸಿಕೊಳ್ಳುತ್ತಾ ಕುಗ್ಗಿ ಕೂತಿದ್ದ.

ಮೊದಲ ಸುತ್ತಿನಲ್ಲಿ ಇಕ್ಕಳನ ಎಡಗೈ ಗುದ್ದು ಮೂರು ಸಲ ತಾಗಿತು. ಅಗ್ನಿಶಾಮಕದವನು ಅದನ್ನು ನಿರೀಕ್ಷಿಸಿರಲಿಲ್ಲ. ನಮಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಕಾಲು ಒಮ್ಮೆ ಸಿಕ್ಕಿತು, ಜಾರಿತು. ವಿರಾಮದಲ್ಲಿ ಅವನ ಮೂಗಿನ ರಕ್ತ ಒರೆಸುತ್ತಾ ಕೋಚ್, “ಚೆನ್ನಾಗಿದೆ, ಹಿಂಗೇ” ಎಂದರು. ಅವನು ನನ್ನ ಕಡೆ ತಿರುಗಿ, “ನೀವು ನೋಡ್ತಿರಿ ಮೇಷ್ಟ್ರೇ. ನನಗೆ ಅಲ್ಲಿ ಏನೂ ಕಾಣಲ್ಲ” ಎಂದ.

ಎರಡನೆಯ ಸುತ್ತಿನ ಎರಡನೆಯ ನಿಮಿಷದಲ್ಲಿ ಅವನಿಗೆ ಕಾಲು ಸಿಕ್ಕಿತು. ಎದುರಾಳಿ ಪಂಜರದ ಬಲೆಗೆ ಬೆನ್ನು ಕೊಟ್ಟು ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತಿದ್ದ. ಇಕ್ಕಳ ಮುಖ ಒತ್ತಿ, ಸೊಂಟ ಇಳಿಸಿ, ಎತ್ತುತ್ತಿದ್ದ. ನನ್ನ ಕಣ್ಣು ಅಲ್ಲಿರಲಿಲ್ಲ, ಗಡಿಯಾರದ ಮೇಲಿತ್ತು. ಏಳು, ಎಂಟು, ಒಂಬತ್ತು. ನೋಟ್‌ಬುಕ್ಕಿನ ಇಪ್ಪತ್ತೊಂಬತ್ತು ಸೊನ್ನೆಗಳು ನನಗೆ ಬಾಯಿಪಾಠವಾಗಿದ್ದವು. ಹತ್ತು.

“ಬಿಡು” ಎಂದೆ.

ಅವನು ಬಿಟ್ಟ. ಕಲಿಸಿದಂತೆಯೇ ಎರಡೂ ಕೈ ಮುಖದ ಹತ್ತಿರ ತಂದುಕೊಂಡು ಮೇಲೇಳತೊಡಗಿದ. ಆ ಕೈಗಳು ಮುಖ ತಲುಪುವ ಮೊದಲೇ ಎದುರಾಳಿಯ ಮೊಣಕಾಲು ತಲುಪಿತು. ಅರ್ಧ ಎದ್ದಿದ್ದ ಇಕ್ಕಳ ಅಲ್ಲೇ ಪಕ್ಕಕ್ಕೆ ಬಿದ್ದ. ರೆಫರಿ ಮಧ್ಯೆ ನುಗ್ಗಿ ಪಂದ್ಯ ನಿಲ್ಲಿಸಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಬೆಂಚು, ಒಂದು ನಲ್ಲಿ ಇತ್ತು. ಡಾಕ್ಟರು ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಗಾಬರಿಯಿಲ್ಲ ಎಂದು ಹೋದರು. ಅಕ್ಕ ಒದ್ದೆ ಬಟ್ಟೆಯನ್ನು ಅವನ ಹುಬ್ಬಿಗೆ ಒತ್ತಿ ಹಿಡಿದಿದ್ದಳು. ಕೋಚ್ ಗೋಡೆ ನೋಡುತ್ತಿದ್ದರು. ಉದ್ದಣ್ಣ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ.

“ಮೇಷ್ಟ್ರೇ, ಭಾರ ಯಾರ ಕೈಲಿತ್ತು?”

“ಅಂದ್ರೆ?”

“ಅವತ್ತು ನೀವು ಅರ್ಧಕ್ಕೇ ಎದ್ದು ಓಡಿದ್ರಿ. ಭಾರ ತನ್ನ ಕೈಗೆ ಬಂದ ಮೇಲೇ ಮೇಲಿನವನು ‘ಬಿಡು’ ಅನ್ನೋದು. ಬರೀ ನಿಂತು ನೋಡೋನು ಅನ್ನೋ ಮಾತಲ್ಲ ಅದು.”

“ಸುಮ್ನಿರೋ” ಎಂದ ಇಕ್ಕಳ. ಬಟ್ಟೆಯ ಕೆಳಗಿಂದ ಅವನ ದನಿ ದಪ್ಪಗೆ ಬಂತು. “ಅವರಿಗೆ ಕಂಡಿದ್ದು ಅವರು ಹೇಳಿದ್ರು.”

ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಾಕೆಂದರೆ ನನಗೆ ಏನೂ ಕಂಡಿರಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಮರುದಿನ ವಿಡಿಯೊ ನೋಡಿದೆ. ಒಂಬತ್ತನೆಯ ಸೆಕೆಂಡಿಗೆ ಎದುರಾಳಿಯ ಊರಿದ ಕಾಲಿನ ಹಿಮ್ಮಡಿ ನೆಲದಿಂದ ಎದ್ದಿತ್ತು. ಬೆರಳ ತುದಿಯಲ್ಲಿ ನಿಂತಿದ್ದ. ಒಂದು ಕೈಯಿಂದ ಬಲೆಯನ್ನು ತಡವುತ್ತಿದ್ದ. ಇನ್ನೆರಡು ಸೆಕೆಂಡಿಗೆ ಬೀಳುತ್ತಿದ್ದ ಎಂದು ಒಮ್ಮೆ ಅನ್ನಿಸಿತು. ಇನ್ನೊಮ್ಮೆ ನೋಡಿದರೆ ಇಕ್ಕಳನ ಬಲಗೈಯ ಬೆರಳುಗಳು ಆಗಲೇ ಜಾರುತ್ತಿದ್ದ ಹಾಗೆ ಕಂಡಿತು. ಇಪ್ಪತ್ತು ಸಲ ನೋಡಿದೆ. ಹತ್ತು ಸಲ ಬಿದ್ದ, ಹತ್ತು ಸಲ ಬೀಳಲಿಲ್ಲ.

ಆಮೇಲೆ ನೋಟ್‌ಬುಕ್ ತೆರೆದೆ. ಐದು ತಿಂಗಳಿಂದ ನನ್ನ ಕಣ್ಣೆದುರಿಗೇ ಇದ್ದದ್ದು ಆಗ ಕಂಡಿತು. ಅವನು ಗೆದ್ದ ಏಳು ಪಂದ್ಯಗಳಲ್ಲಿ ಒಂದೂ ಮೂರು ನಿಮಿಷ ದಾಟಿರಲಿಲ್ಲ. ಆ ಇಪ್ಪತ್ತೊಂಬತ್ತು ಸೊನ್ನೆಗಳೂ ಸೋತ ಎರಡೇ ಪಂದ್ಯಗಳವು, ಇಬ್ಬರೇ ಎದುರಾಳಿಗಳವು. ಒಬ್ಬ ಮೊದಲ ನಿಮಿಷದಲ್ಲೂ ಬೀಳುತ್ತಿರಲಿಲ್ಲ, ಇನ್ನೊಬ್ಬ ಕುಂಟನಾದವನಿಂದ ತಪ್ಪಿಸಿಕೊಂಡಿದ್ದ. ಮೂರನೆಯ ನಿಮಿಷದ ನಂತರ ಇಕ್ಕಳನ ಹಿಡಿತ ಸಾಮಾನ್ಯ ಎದುರಾಳಿಯ ಮೇಲೆ ಏನು ಮಾಡಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ನಾನು ಸೊನ್ನೆ ಎಂದು ಬರೆದುಕೊಂಡಿದ್ದೆ.

ಅದನ್ನು ಅವನಿಗೆ ಹೇಳಿದೆ. ಹೇಳದಿರಲು ಆಗಲಿಲ್ಲ. ಅವನು ಮತ್ತೆ ಸಾಲುಗಳ ಮೇಲೆ ಬೆರಳಿಟ್ಟು ನೋಡಿದ.

“ಹಾಗಾದ್ರೆ ಒಂದನ್ನೇ ಕಲಿತಿದ್ದು ತಪ್ಪೇನಲ್ಲ ಅಂತೀರಾ?”

“ತಪ್ಪೂ ಹೌದು ಅಣ್ಣ. ಆ ಉದ್ದಗಾಲಿನವನ ಪಂದ್ಯ ನೆನೆಸ್ಕೊಳ್ಳಿ.”

“ಸರಿ ಮತ್ತೆ. ಐದು ತಿಂಗಳು ಗುದ್ದು ಕಲಿತಿದ್ದು?”

“ಅದು ಬೇಕಿತ್ತು. ಆರು ವರ್ಷ ಮೊದಲೇ ಬೇಕಿತ್ತು.”

“ಕಲಿಯದಿದ್ರೂ ತಪ್ಪು, ಕಲಿತರೂ ತಪ್ಪು” ಎಂದು ನಕ್ಕ. ಹುಬ್ಬಿನ ಹೊಲಿಗೆ ಎಳೆದು ನಗು ಅರ್ಧಕ್ಕೇ ನಿಂತಿತು. “ನಿಮ್ಮ ಪರೀಕ್ಷೇಲೂ ಹಿಂಗೇ ಇರುತ್ತಾ ಮೇಷ್ಟ್ರೇ?”

ಸಂಘಕ್ಕೆ ನಾನು ಮೂರು ಪತ್ರ ಬರೆದೆ. ಅವನ ಸೋಲಿನಲ್ಲಿ ನಮ್ಮ ಸಲಹೆಯ ತಪ್ಪಿದೆ, ಇನ್ನೊಂದು ಅವಕಾಶ ಕೊಡಿ ಎಂದು. ಮೂರನೆಯದಕ್ಕೆ ಉತ್ತರ ಬಂತು. ನಿಯಮ ಎಲ್ಲರಿಗೂ ಒಂದೇ ಎಂದಿತ್ತು. ನಮ್ಮ ಕೇಂದ್ರದಲ್ಲಿದ್ದ ಪಟ್ಟಿಯ ಪ್ರತಿಯಿಂದಲೂ ಅವನ ಹೆಸರನ್ನು ಹೊಡೆದುಹಾಕಬೇಕಿತ್ತು. ಆ ಕೆಲಸವೂ ನನ್ನದೇ. ಅವನು ಹೊತ್ತು ತಂದ ಬೀರುವಿನಲ್ಲೇ ಆ ಪಟ್ಟಿ ಇದೆ.

ಎರಡು ತಿಂಗಳು ಅವನು ಮೇಲೆ ಬರಲಿಲ್ಲ. ಆಮೇಲೆ ಕೋಚ್ ಹೇಳಿ ಕಳಿಸಿದರು. ಉಳಿದ ಆಟಗಾರರು ಕಾಲು ಬಿಡಿಸಿಕೊಳ್ಳುವುದನ್ನು ಕಲಿಯಬೇಕಿತ್ತು, ಅದಕ್ಕೆ ನಿಜವಾಗಿ ಹಿಡಿಯುವವನೊಬ್ಬ ಬೇಕಿದ್ದ. ಅವನ ಹಿಡಿತದಿಂದ ಹದಿನೈದು ಸೆಕೆಂಡಿನಲ್ಲಿ ಬಿಡಿಸಿಕೊಂಡವರನ್ನು ಮಾತ್ರ ಈಗ ನಮ್ಮ ಕೇಂದ್ರ ಪಂದ್ಯಕ್ಕೆ ಕಳಿಸುತ್ತದೆ. ಮೊನ್ನೆ ಹಾಗೆ ಹೋದ ಒಬ್ಬಳು ಗೆದ್ದು ಬಂದಳು. ಮೈಕಿನಲ್ಲಿ ಅವಳ ಹೆಸರು ಕೂಗಿದಾಗ ಅವನ ಅಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದಳು, ಕೂರುವ ಮೊದಲು ನನ್ನ ಕಡೆ ಒಮ್ಮೆ ನೋಡಿದಳು. ನಾನು ವಿಡಿಯೊ ತೆಗೆಯುತ್ತಿದ್ದೆ.

ಅವನು ಈಗ ಹಗಲು ಉದ್ದಣ್ಣನ ಜೊತೆ ಮನೆ ಸಾಮಾನು ಸಾಗಿಸುತ್ತಾನೆ. ವಾರಕ್ಕೆ ಮೂರು ಸಂಜೆ, ಆರರಿಂದ ಎಂಟರವರೆಗೆ, ಪಟ್ಟಿಯಲ್ಲಿ ಹೆಸರಿರುವವರ ಕಾಲು ಹಿಡಿಯುತ್ತಾನೆ.